ಅವ್ವನ ಮೆಟ್ಟಿಲು

ನಾಗಮಂಗಲದ ನಮ್ಮ ಪಕ್ಕದ ಮನೆಯವನು ಹೊಸ ಫೋರ್‌ವೀಲ್ ಡ್ರೈವ್ ಜೀಪು ತಂದವನೇ, ಪೂಜೆಯ ಹೂವು ಬಾಡುವ ಮೊದಲೇ ಅದನ್ನು ವೆಲ್ಡಿಂಗ್ ಅಂಗಡಿಯಲ್ಲಿ ನಿಲ್ಲಿಸಿದ. ಅವನಿಗೆ ಹೊಣಕೆರೆ ಕಡೆಯ ಗುಡ್ಡಗಳಿಗೆ ಗಾಡಿ ಹತ್ತಿಸುವ ಹುಚ್ಚು. ಬಾಗಿಲು, ಟಾಪು, ಹಿಂದಿನ ಸೀಟು, ಎಲ್ಲವನ್ನೂ ಬೆರಳ ಗೆಣ್ಣಿನಿಂದ ಕುಟ್ಟಿ ಅಂಗಡಿಯವನಿಗೆ ಒಂದೇ ಮಾತು ಹೇಳುತ್ತಿದ್ದ: "ಭಾರ ಕಣ್ಲಾ, ಕಿತ್ತಾಕ್ಬುಡು."

ದಪ್ಪ ಟೈರು ಹಾಕಿಸಿ ಗಾಡಿ ಎತ್ತರಿಸಿದ ಮೇಲೆ ಅವನ ತಾಯಿಗೆ ಹತ್ತಲು ಆಗಲಿಲ್ಲ.

"ನಾನೇನ್ ಮರ ಹತ್ಬೇಕೇನ್ಲಾ?" ಎಂದರು.

ಗೊಣಗುತ್ತಲೇ ಪಕ್ಕಕ್ಕೊಂದು ಕಬ್ಬಿಣದ ಮೆಟ್ಟಿಲು ಹಾಕಿಸಿದ. ಅದು ಕಲ್ಲಿಗೆ ತಗುಲಿದಾಗಲೆಲ್ಲ ಬೈಯುತ್ತಿದ್ದ.

ಒಮ್ಮೆ ನಾನೂ ಜೊತೆಗಿದ್ದೆ. ಮಳೆ ಬಿದ್ದ ಮಾರನೆಯ ಬೆಳಿಗ್ಗೆ ಗುಡ್ಡದ ಇಳಿಜಾರಿನಲ್ಲಿ ಜೀಪು ಅಡ್ಡಡ್ಡ ಜಾರತೊಡಗಿತು. ಕೆಳಗೆ ಕಲ್ಲಿನ ಕ್ವಾರಿ. ಬಾಗಿಲಿಲ್ಲದ ಜೀಪಿನಲ್ಲಿ ಕ್ವಾರಿಯ ಕಡೆಗೇ ಕೂತಿದ್ದ ನಾನು ಕಣ್ಣು ಮುಚ್ಚಿದೆ. ಕರ್ರೆಂದು ಸದ್ದಾಗಿ ಗಾಡಿ ನಿಂತಿತು. ನೋಡಿದರೆ, ಮೆಟ್ಟಿಲು ಬಂಡೆಗೆ ಸಿಕ್ಕಿಕೊಂಡು ಬಾಗಿತ್ತು. ಅವನು ಸ್ಟೇರಿಂಗ್ ಬಿಡದೆಯೇ ನಗತೊಡಗಿದ. ಹೋದ ಜೀವ ಬಂದಂತಾಗಿ ನಾನೂ ನಕ್ಕೆ. ಟ್ರಾಕ್ಟರು ಕರೆಸಿ ಜೀಪನ್ನು ಎಳೆಸಿದೆವು.

ವೆಲ್ಡಿಂಗ್ ಅಂಗಡಿಯವನು ಸೊಟ್ಟಗಾದ ಮೆಟ್ಟಿಲನ್ನು ನೋಡಿ, "ಇದ್ನೂ ಕಿತ್ತಾಕ್ಬುಡ್ಲಾ ಅಣ್ಣ?" ಎಂದ.

ಈ ಸಲ ಪಕ್ಕದ ಮನೆಯವನು ಗೆಣ್ಣಿನಿಂದ ಕುಟ್ಟಲಿಲ್ಲ. ಅಂಗೈಯಿಂದ ಮೆಟ್ಟಿಲಿನ ಕೆಸರು ಒರೆಸಿದ.

"ಇರ್ಲಿ ಬುಡು. ಅವ್ವ ಹತ್ಬೇಕು."