ಫಕೀರನ ಅಂಗಿಯ ಐದನೆಯ ತೇಪೆ

"ತೊಗೋರಿ ಅಕ್ಕಾರ, ಅಂಜಬ್ಯಾಡ್ರಿ. ನಮ್ಮ ಹುಡುಗ ಸಿಡುಬಿಲೆ ಹೋಗಿಲ್ರಿ, ಬಾವ್ಯಾಗ ಬಿದ್ದು ಹೋಗ್ಯಾನ," ಎಂದಳು ಆಚೆ ಓಣಿಯ ಬಸಮ್ಮ, ಸತ್ತ ಮಗನ ಹಸಿರು ಅಂಗಿಯ ತುಂಡೊಂದನ್ನು ಚಾಚಿ. ನನ್ನ ಕೈ ಹಿಂದೆ ಸರಿದದ್ದು ಅವಳ ಕಣ್ಣಿಗೆ ಬಿದ್ದಿತ್ತು.

ಜ್ವರದಿಂದೆದ್ದ ನನ್ನ ನಾಲ್ಕು ವರ್ಷದ ಮಗನಿಗೆ ಮೊಹರಂ ಹಬ್ಬದಲ್ಲಿ ಫಕೀರನ ವೇಷ ಹಾಕುವ ಹರಕೆ. ಅಂಗಿಗೆ ಐದು ಮನೆಯ ಬಟ್ಟೆ ಬೇಡಬೇಕು, ಕೊಟ್ಟದ್ದನ್ನು ಒಲ್ಲೆನ್ನಬಾರದು. ಬಸಮ್ಮನದು ಐದನೆಯ ಮನೆ. ಹಲ್ಲಿ ಲೊಚಗುಟ್ಟಿದರೂ ಮಗನಿಗೇನೋ ಆಯಿತೆಂದು ಓಡುವವಳು ನಾನು. ಊರೂರಿಗೆ ಸಿಡುಬು ಹಬ್ಬಿದ್ದರಿಂದ ನಿಜಾಮ ಸರಕಾರ ಮಸ್ಕಿಯ ಸಂತೆಯನ್ನೇ ನಿಲ್ಲಿಸಿತ್ತು.

"ಎದಿ ಮ್ಯಾಲ ಹೊಲೀರಿ," ಎಂದಳು ಬಸಮ್ಮ. ಹೂಂ ಎಂದೆ.

ಮನೆಗೆ ಬಂದು ಆ ತುಂಡನ್ನು ಎರಡು ಸಲ ಕುದಿಸಿದೆ. ಆದರೂ ಧೈರ್ಯ ಸಾಲದೆ, ಮೈಗೆ ತಾಗದಂತೆ ಅಂಗಿಯ ಕೆಳಗಿನ ಅಂಚಿಗೆ ಹೊಲಿದೆ.

ಹಬ್ಬದ ದಿನ ನನ್ನ ಪುಟ್ಟ ಫಕೀರ ಜೋಳಿಗೆ ಹಿಡಿದು ಅವಳ ಬಾಗಿಲಿಗೆ ಹೋದ. ಬಸಮ್ಮ ಮೊದಲು ಅವನ ಎದೆ ನೋಡಿದಳು, ಆಮೇಲೆ ತಿರುಗಿಸಿ ಬೆನ್ನು ನೋಡಿದಳು. ಕೊನೆಗೆ ಮೊಣಕಾಲ ಬಳಿ ಹಸಿರು ತೇಪೆ ಸಿಕ್ಕಿತು. ಕುಕ್ಕರಿಸಿ ಅದನ್ನು ಮುಟ್ಟಿ, "ಇಲ್ಲಿ ಬಂದು ಕುಂತೀಯೇನಪಾ," ಎಂದಳು. ಅದು ನನ್ನ ಮಗನಿಗೆ ಹೇಳಿದ್ದಲ್ಲ.

ಹಬ್ಬ ಮುಗಿದ ಮೇಲೆ ಆ ತೇಪೆಯನ್ನು ಬಿಚ್ಚಿ ಎದೆಗೆ ಹೊಲಿದೆ. ಹರಕೆ ತೀರಿದ ಆ ಅಂಗಿಯನ್ನು ಮಗ ಮತ್ತೆ ತೊಡುವುದಿಲ್ಲವೆಂದು ಗೊತ್ತಿದ್ದೇ ಹೊಲಿದೆ.