ನಾನೇ ಬೆಸೆದ ಕನೆಕ್ಟರ್

ಐವತ್ತು ದಾಟಿದ ಮನುಷ್ಯ ರಿಮೋಟ್ ಕಾರು ಓಡಿಸುತ್ತಾನೆ ಎಂದರೆ ಜನ ನಗುತ್ತಾರೆ. ನಗಲಿ, ಅದಕ್ಕೆ ನಾನು ಎಂದೂ ನಾಚಿಕೊಂಡವನಲ್ಲ. ನಾಚಿಕೆಪಡುವ ವಿಷಯ ಬೇರೆಯಿದೆ. ಅದನ್ನು ಬರೆಯಬೇಕೋ ಬೇಡವೋ ಎಂದು ಬಹಳ ದಿನ ಹಿಂದೆಮುಂದೆ ನೋಡಿದ್ದೇನೆ.

ಗೋಣಿಬೀಡಿನಿಂದ ಸ್ವಲ್ಪ ಒಳಗೆ ನಮ್ಮ ಕಾಫಿ ತೋಟ. ಕೊಯ್ಲು ಮುಗಿದು, ಪಾರ್ಚ್‌ಮೆಂಟ್ ಕಾಫಿಬೀಜದ ಮೂಟೆಗಳು ಲಾರಿ ಹತ್ತಿ ಹೋದಮೇಲೆ ಕಾಫಿ ಒಣಗಿಸುವ ಸಿಮೆಂಟಿನ ಕಣ ಕೆಲವು ತಿಂಗಳು ಖಾಲಿ ಇರುತ್ತದೆ. ಆ ಕಣದಲ್ಲಿ ಭಾನುವಾರದ ಬೆಳಿಗ್ಗೆ ನಾವು ನಾಲ್ಕು ಜನ ಸೇರುತ್ತಿದ್ದೆವು. ಮಲ್ಲಂದೂರಿನ ಒಬ್ಬ ಪ್ಲಾಂಟರ್, ಮೂಡಿಗೆರೆಯ ಒಬ್ಬ ಹಲ್ಲಿನ ಡಾಕ್ಟರು, ಕಳಸದ ಕಡೆಯಿಂದ ಬರುವ ಒಬ್ಬ ಹೈಸ್ಕೂಲು ಮೇಷ್ಟ್ರು, ಮತ್ತು ನಾನು. ನಮ್ಮ ಕಾರುಗಳು ಮಕ್ಕಳ ಆಟಿಕೆಯಂಥವಲ್ಲ. ಒಂದೊಂದೂ ಮೊಳಕ್ಕಿಂತ ಉದ್ದ. ಕಣದ ಒಂದು ತುದಿಯಲ್ಲಿ ಬಿಟ್ಟರೆ ಇನ್ನೊಂದು ತುದಿಯಲ್ಲಿ ನಿಲ್ಲಿಸುವಷ್ಟರಲ್ಲಿ ಎದೆ ಹೊಡೆದುಕೊಳ್ಳುತ್ತಿತ್ತು. ನಾಲ್ವರಲ್ಲಿ ಹೆಚ್ಚು ತಿಳಿದವನು ನಾನು ಎಂಬ ಹೆಸರಿತ್ತು. ಆ ಹೆಸರನ್ನು ನಾನು ಚೆನ್ನಾಗಿ ಸಾಕಿಕೊಂಡಿದ್ದೆ. ಇಂಟರ್ನೆಟ್ಟಿನಲ್ಲಿ ನೋಡಿದ್ದನ್ನೆಲ್ಲ ಸ್ವಂತ ಅನುಭವ ಎಂಬಂತೆ ಹೇಳುತ್ತಿದ್ದೆ.

ಆದರೆ ನನ್ನ ಕಾರಿನ ಕೆಲಸ ಮಾಡುತ್ತಿದ್ದದ್ದು ನಾನಲ್ಲ, ನಮ್ಮ ತೋಟದ ಮೇಸ್ತ್ರಿಯ ಮಗಳು. ಆಳುಗಳ ಕೆಲಸ ನೋಡಿಕೊಳ್ಳುವ ಮೇಸ್ತ್ರಿ ನನ್ನ ತಂದೆಯ ಕಾಲದಿಂದ ನಮ್ಮಲ್ಲಿದ್ದವರು. ಅವರ ಮಗಳು ಆಳುಗಳ ಲೈನ್‌ಮನೆಯಿಂದಲೇ ಓಡಾಡಿಕೊಂಡು ಐಟಿಐ ಮುಗಿಸಿ, ಗೋಣಿಬೀಡಿನ ಬಸ್‌ಸ್ಟ್ಯಾಂಡಿನ ಹತ್ತಿರ ಮೋಟಾರು ರಿಪೇರಿ ಅಂಗಡಿ ಇಟ್ಟಿದ್ದಳು. ಸ್ಪ್ರಿಂಕ್ಲರ್ ಪಂಪು, ಕಳೆ ಹೊಡೆಯುವ ಮೆಷಿನ್ನು, ಸ್ಟಾರ್ಟರು, ಏನು ಕೊಟ್ಟರೂ ಸರಿಮಾಡುತ್ತಿದ್ದಳು. ಅವಳ ಬೆಸುಗೆ ನೋಡಿದರೆ ಕೈಯಾಡಿಸಬೇಕು ಅನಿಸುತ್ತಿತ್ತು, ಅಷ್ಟು ನುಣುಪು. ನನ್ನಿಂದಾಗಿಯೇ ಡಾಕ್ಟರು, ಮೇಷ್ಟ್ರು ಇಬ್ಬರೂ ತಮ್ಮ ಕಾರುಗಳನ್ನು ಅವಳ ಹತ್ತಿರ ತರಲು ಶುರುಮಾಡಿದ್ದರು.

ಆ ವರ್ಷ ನಾನು ಹೊಸ ಕಾರು ಕಟ್ಟಿಸಿದೆ. ಹಳೆಯದಕ್ಕಿಂತ ದೊಡ್ಡ ಮೋಟಾರು, ಆರು ಸೆಲ್ಲಿನ ಬ್ಯಾಟರಿ. ಬ್ಯಾಟರಿಯನ್ನೂ ಕಾರನ್ನೂ ಸೇರಿಸುವ ಕನೆಕ್ಟರ್ ಯಾವುದು ಹಾಕಬೇಕು ಎಂಬ ಮಾತು ಅವಳ ಅಂಗಡಿಯ ಮೇಜಿನ ಮುಂದೆ ನಡೆಯಿತು. ನನ್ನ ಹತ್ತಿರ ಮೊದಲೇ ಇದ್ದ ಅಂಥದೇ ನಾಲ್ಕು ಬ್ಯಾಟರಿಗಳಿಗೆ ಹಳದಿ ಬಣ್ಣದ ಚಿಕ್ಕ ಕನೆಕ್ಟರ್ ಇತ್ತು. ಅರವತ್ತು ಆಂಪಿಯರ್ ತಡೆಯುತ್ತದೆ ಎಂದು ಅದಕ್ಕೆ ಅರವತ್ತರದು ಎನ್ನುತ್ತೇವೆ. ಅದೇ ಜಾತಿಯ ದೊಡ್ಡದು ತೊಂಬತ್ತರದು. ದುಂಡು ಕಡ್ಡಿಯ ನೀಲಿ ಬಣ್ಣದ್ದೂ ಒಂದಿತ್ತು. ವಿಡಿಯೋಗಳಲ್ಲಿ ಎಲ್ಲರೂ ಹಾಕುತ್ತಾರೆಂದು ನನಗೆ ಅದರ ಮೇಲೆ ಆಸೆ. ಅವಳು ನೀಲಿಯದನ್ನು ಎರಡು ಸಲ ಸಿಕ್ಕಿಸಿ ಎಳೆದು ನೋಡಿ, ಇದೂ ಆಗುತ್ತದೆ, ಆದರೆ ಡಾಕ್ಟರ ಕಾರಿಗೆ ತೊಂಬತ್ತರದ್ದಿದೆ, ಒಬ್ಬರದು ಒಬ್ಬರಿಗೆ ಆಗಬೇಕಾದರೆ ಅದೇ ಹಾಕಿ ಎಂದಳು. ಅರವತ್ತರದೇ ಸಾಕಲ್ಲ ಎಂದು ನಾನು ಕೇಳಿದೆ. ಅವಳು ಕಾರಿನ ದಪ್ಪ ತಂತಿಯ ತುದಿಯನ್ನು ಅರವತ್ತರದರ ಬಾಯಿಗೆ ಹಿಡಿದು ತೋರಿಸಿದಳು. ಹೋಗಲಿಲ್ಲ.

"ತಂತಿ ಹೋಗಲ್ಲ ಅಂತ ಎಳೆ ಕತ್ತರಿಸಿ ತುರುಕಬಾರ್ದು ಸರ್. ಎಲ್ಲಿ ಸಣ್ಣ ಆಯ್ತೋ ಅಲ್ಲೇ ಬಿಸಿ ಆಗೋದು. ನಾಲ್ಕೂ ಬ್ಯಾಟ್ರಿ ಕೊಡಿ, ಎಲ್ಲಕ್ಕೂ ದೊಡ್ಡದೇ ಹಾಕಿ ಕೊಡ್ತೀನಿ" ಎಂದಳು.

ನಾನು ಎರಡೇ ಕೊಟ್ಟೆ. ಉಳಿದೆರಡನ್ನು ಯಾಕೆ ಕೊಡಲಿಲ್ಲ ಎಂದು ಇವತ್ತಿಗೂ ಸರಿಯಾದ ಉತ್ತರ ನನ್ನ ಹತ್ತಿರ ಇಲ್ಲ. ಬಹುಶಃ ನನಗೆ ಅವಳು ಪಾಠ ಹೇಳಿದ್ದು ಹಿಡಿಸಿರಲಿಲ್ಲ. ಅವಳು ಆ ಎರಡು ಬ್ಯಾಟರಿಗೂ ಕಾರಿಗೂ ತೊಂಬತ್ತರದ್ದು ಬೆಸೆದು ಕಳಿಸಿದಳು.

ಹೊಸ ಕಾರು ತೋರಿಸುವ ಭಾನುವಾರ ಹತ್ತಿರ ಬಂತು. ಎರಡು ಬ್ಯಾಟರಿ ಅರ್ಧ ಗಂಟೆಯಲ್ಲಿ ಮುಗಿದುಹೋದರೆ ಏನು ಚಂದ ಎಂದು ಶನಿವಾರ ಮಧ್ಯಾಹ್ನ ನಾನೇ ಸ್ಟೋರ್ ರೂಮಿನಲ್ಲಿ ಕುಳಿತೆ. ಒಂದು ಕಡೆ ತೊಂಬತ್ತರದ್ದು, ಇನ್ನೊಂದು ಕಡೆ ಅರವತ್ತರದ್ದು ಇರುವ ಗೇಣುದ್ದದ ಜೋಡುತಂತಿ ಮಾಡಿದರೆ ಹಳೆಯ ಬ್ಯಾಟರಿಯನ್ನೂ ಹೊಸ ಕಾರಿಗೆ ಸಿಕ್ಕಿಸಬಹುದು. ನನ್ನ ಸೋಲ್ಡರಿಂಗ್ ಐರನ್ ರೇಡಿಯೋ ರಿಪೇರಿಗೆ ಸಾಕಾಗುವಂಥದ್ದು. ದಪ್ಪ ತಂತಿಗೆ ಅದರ ಬಿಸಿ ಸಾಲದೆ ಸೀಸ ಹರಡದೆ ಗುಂಡಗೆ ನಿಂತಿತು. ತಂತಿ ಚಿಕ್ಕ ಕನೆಕ್ಟರಿನ ಬಾಯಿಗೆ ಹೋಗಲಿಲ್ಲ. ನಾನು ಕತ್ತರಿ ತೆಗೆದುಕೊಂಡು ಮೂರರಲ್ಲಿ ಒಂದು ಪಾಲು ಎಳೆಗಳನ್ನು ಕತ್ತರಿಸಿ ಉಳಿದದ್ದನ್ನು ತುರುಕಿದೆ. ಕತ್ತರಿಸುವಾಗ ಅವಳ ಮಾತು ನೆನಪಾಗಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ನೆನಪಾಯಿತು. ಅದರ ಮೇಲೆ ಕಪ್ಪು ಟೇಪು ಸುತ್ತಿದೆ.

ಭಾನುವಾರ ಎಲ್ಲರೂ ಬಂದರು. ಮೇಸ್ತ್ರಿ ಕಣದ ಅಂಚಿನಲ್ಲಿ ಹರಿದ ಗೋಣಿಚೀಲಗಳನ್ನು ವಿಂಗಡಿಸುತ್ತ ನೋಡುತ್ತಿದ್ದರು. ಅಪ್ಪನಿಗೆ ತಿಂಡಿ ಕೊಡಲು ಬಂದಿದ್ದ ಮಗಳೂ ಅವರ ಪಕ್ಕ ನಿಂತಿದ್ದಳು. ಮೊದಲ ಎರಡು ಬ್ಯಾಟರಿಗಳಲ್ಲಿ ಕಾರು ಚೆನ್ನಾಗಿ ಓಡಿತು. ಮೇಷ್ಟ್ರು ಇನ್ನೊಂದು ರೌಂಡು ಎಂದರು. ನಾನು ಒಳಗೆ ಹೋಗಿ ಹಳೆಯ ಬ್ಯಾಟರಿಗೆ ನನ್ನ ಜೋಡುತಂತಿ ಸಿಕ್ಕಿಸಿ, ಕಾರಿನೊಳಗೆ ಇಟ್ಟು, ಮುಚ್ಚಿಕೊಂಡೇ ಹೊರಗೆ ತಂದೆ.

ನಾಲ್ಕನೆಯ ಸುತ್ತಿನಲ್ಲಿ ಕಾರು ನಿಂತಿತು. ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು. ನಾನು ಓಡಿಹೋಗಿ ಮುಚ್ಚಳ ತೆಗೆದರೆ ಕನೆಕ್ಟರ್ ಮೇಣದಂತೆ ಕರಗಿ ಒಂದಕ್ಕೊಂದು ಅಂಟಿಕೊಂಡಿತ್ತು. ಎಳೆದೆ, ಬಿಡಲಿಲ್ಲ. ತಂತಿಯ ಮೇಲಿನ ರಬ್ಬರು ಕರಗಿ ಒಳಗಿನ ತಾಮ್ರ ಒಂದಕ್ಕೊಂದು ತಗುಲಿರಬೇಕು. ಬ್ಯಾಟರಿ ಹೊಟ್ಟೆಯುಬ್ಬಿ ಬಿಳಿ ಹೊಗೆ ಬಿಡಲು ಶುರುಮಾಡಿತು. ನಾನು ಹೆದರಿ ಹಿಂದೆ ಸರಿದೆ. ನಾನು ಹಿಂದೆ ಸರಿದ ಜಾಗಕ್ಕೆ ಮೇಸ್ತ್ರಿ ಬಂದರು. ನನ್ನ ಕಾರು ಉಳಿಯಲಿ ಎಂದು ಆ ಮನುಷ್ಯ ಗೋಣಿಚೀಲ ಸುತ್ತಿದ ಕೈಯಲ್ಲಿ ಬ್ಯಾಟರಿಯನ್ನು ಕಿತ್ತು ಆಚೆಗೆ ಎಸೆದರು. ಎಸೆಯುವ ಮೊದಲೇ ಅದು ಹೊತ್ತಿಕೊಂಡಿತ್ತು. ಗೋಣಿಯೂ ಹೊತ್ತಿತು.

ಮಗಳು ಕುಡಿಯುವ ನೀರಿನ ಕೊಡವನ್ನೇ ತಂದು ಅವರ ಕೈಮೇಲೆ ಸುರಿದಳು. ಬಲ ಅಂಗೈಯ ಚರ್ಮ ಎದ್ದುಹೋಗಿತ್ತು. ಡಾಕ್ಟರು ಅದನ್ನು ನೋಡಿ, ಚಿಕ್ಕಮಗಳೂರಿಗೇ ಕರೆದುಕೊಂಡು ಹೋಗಬೇಕು ಎಂದರು. ಜೀಪು ತರಲು ಒಬ್ಬರು ಹೋದರು. ಆ ಎರಡು ನಿಮಿಷದಲ್ಲಿ ಮಲ್ಲಂದೂರಿನವರು, ಇದು ಹೇಗಾಯಿತು ಮಾರಾಯ, ಕನೆಕ್ಟರ್ ಯಾರು ಹಾಕಿದ್ದು ಎಂದು ನನ್ನನ್ನು ಕೇಳಿದರು.

"ಇನ್ಯಾರು, ಇವ್ಳೇ. ಎಲ್ಲ ಇವ್ಳ ಕೈಕೆಲಸ" ಎಂದೆ.

ಯೋಚಿಸಿ ಹೇಳಿದ್ದಲ್ಲ. ಯೋಚಿಸಿ ಹೇಳಿದ್ದರೆ ನನ್ನ ಮೇಲೆ ನನಗೆ ಇಷ್ಟು ಹೇಸಿಗೆ ಆಗುತ್ತಿರಲಿಲ್ಲವೇನೋ. ಕೇಳಿದ ಕೂಡಲೇ ಆ ಮಾತು ಬಾಯಿಗೆ ಬಂದಿತ್ತು, ಮೊದಲೇ ಅಲ್ಲಿ ಕುಳಿತಿದ್ದ ಹಾಗೆ. ಅವಳು ಅಪ್ಪನ ಕೈ ಹಿಡಿದುಕೊಂಡೇ ತಲೆಯೆತ್ತಿ ನನ್ನನ್ನು ನೋಡಿದಳು. ಆಮೇಲೆ ಕಣದ ಮೇಲೆ ಬಿದ್ದಿದ್ದ ಕರಗಿದ ತಂತಿಯನ್ನು ನೋಡಿದಳು. ಮಾತಾಡಿದ್ದು ಮೇಸ್ತ್ರಿ. ನೋವಿನಲ್ಲಿ ಹಲ್ಲು ಕಚ್ಚಿಕೊಂಡೇ, "ತಪ್ಪಾಯ್ತು ಸಾವ್ಕಾರ್ರೇ, ಹುಡುಗಿ ಗೊತ್ತಾಗದೆ ಮಾಡಿದಾಳೆ" ಎಂದರು.

ಆಗಲಾದರೂ ಬಾಯಿ ಬಿಡಬಹುದಿತ್ತು. ಆಯಿತು ಬಿಡಿ ಮೇಸ್ತ್ರಿ, ಮೊದಲು ಆಸ್ಪತ್ರೆಗೆ ಹೋಗೋಣ ಎಂದೆ. ಕ್ಷಮಿಸಿದವನ ಧ್ವನಿ ನನ್ನದು.

ಆಸ್ಪತ್ರೆಯ ಎಲ್ಲ ಓಡಾಟವನ್ನೂ ನಾನೇ ನೋಡಿಕೊಂಡೆ. ಎಷ್ಟು ಒಳ್ಳೆಯ ಸಾಹುಕಾರರು ಎಂದು ಲೈನಿನಲ್ಲಿ ಹೇಳಿಕೊಂಡರು. ಅತ್ತ ಡಾಕ್ಟರು ರಿಪೇರಿಗೆ ಕೊಟ್ಟಿದ್ದ ತಮ್ಮ ಕಾರನ್ನು ಅವಳ ಅಂಗಡಿಯಿಂದ ವಾಪಸು ತಂದರು. ಮೇಷ್ಟ್ರೂ ತಂದರು. ಅಂಗಡಿಗೆ ಪಂಪು ಕೊಡುತ್ತಿದ್ದ ಒಂದಿಬ್ಬರು ಪ್ಲಾಂಟರುಗಳಿಗೂ ಸುದ್ದಿ ಹೋಯಿತು. ಅವಳು ಮಾಡಿದ ಕನೆಕ್ಟರಿನಿಂದ ಅವಳ ಅಪ್ಪನ ಕೈಯೇ ಸುಟ್ಟಿತಂತೆ ಎಂದು ಗೋಣಿಬೀಡಿನ ಹೋಟೆಲಿನಲ್ಲಿ ಒಬ್ಬರು ನನಗೇ ಹೇಳಿದರು. ನಾನು ಕಾಫಿ ಕುಡಿದು ಎದ್ದು ಬಂದೆ.

ಮೇಸ್ತ್ರಿಯ ಗಾಯ ಒಣಗುವಷ್ಟರಲ್ಲಿ ಮಳೆಗಾಲ ಬಂತು. ತೋರುಬೆರಳು, ನಡುಬೆರಳು ಪೂರ್ತಿ ಮಡಚುತ್ತಿರಲಿಲ್ಲ. ಒಂದು ದಿನ ಆಳುಗಳ ಹಾಜರಿ ತೋರಿಸಲು ಬಂದವರು, ಎಡಗೈಯಲ್ಲಿ ಪುಸ್ತಕ ಹಿಡಿದುಕೊಂಡು, ತಾವಾಗಿಯೇ ಮಗಳ ಮಾತು ತೆಗೆದರು. ಅವಳಿಗೆ ಈ ಕೆಲಸ ಬೇಡವೆಂದು ಮೊದಲೇ ಹೇಳಿದ್ದೆ, ಈಗ ಮನೆಯಲ್ಲಿ ಅವಳೊಂದಿಗೆ ಸರಿಯಾಗಿ ಮಾತೇ ಆಡುತ್ತಿಲ್ಲ, ನಿಮ್ಮ ಮುಂದೆ ನನ್ನ ಮರ್ಯಾದೆ ಹೋಯಿತು ಎಂದರು. ನಾನು ಹಾಜರಿ ಪುಸ್ತಕದ ಗೆರೆಗಳನ್ನು ನೋಡುತ್ತ ಕುಳಿತಿದ್ದೆ. ಅಲ್ಲಿಯವರೆಗೆ ನಾನು ಅಂದುಕೊಂಡಿದ್ದು, ಅವಳು ಮನೆಯಲ್ಲಾದರೂ ನಿಜ ಹೇಳಿರುತ್ತಾಳೆ, ಇವರು ದಾಕ್ಷಿಣ್ಯಕ್ಕೆ ಸುಮ್ಮನಿದ್ದಾರೆ ಎಂದು. ಅವಳು ಹೇಳಿರಲಿಲ್ಲ.

ಮರುದಿನ ಅವಳ ಅಂಗಡಿಗೆ ಹೋದೆ. ಕರೆಂಟು ಇರಲಿಲ್ಲ. ಬಾಗಿಲ ಬೆಳಕಿಗೆ ಸ್ಟೂಲು ಹಾಕಿಕೊಂಡು ಒಂದು ಮೋಟಾರಿನ ಬುಶ್ ತೆಗೆಯುತ್ತಿದ್ದಳು. ಕೂತುಕೊಳ್ಳಿ ಎಂದಳು. ನಾನು ನಿಂತೇ ಹೇಳಿದೆ. ಜೋಡುತಂತಿ ನಾನು ಮಾಡಿದ್ದು, ಎಳೆ ಕತ್ತರಿಸಿದ್ದು ನಾನು, ಗೊತ್ತಿದ್ದೂ ನಿಮ್ಮ ಹೆಸರು ಹೇಳಿದೆ ಎಂದೆ. ಅವಳಿಗೆ ಬಹುವಚನ ಬಳಸಿದ್ದು ಅದೇ ಮೊದಲು.

"ನೀನು ಅಂತಾನೇ ಅನ್ನಿ ಸರ್, ಅದ್ರಿಂದೇನೂ ಸರಿ ಆಗಲ್ಲ" ಎಂದಳು. ಧ್ವನಿಯಲ್ಲಿ ಸಿಟ್ಟಿರಲಿಲ್ಲ. "ಅವತ್ತೇ ಗೊತ್ತಾಯ್ತು. ನಾನು ಟೇಪು ಸುತ್ತಲ್ಲ."

ಮತ್ತೆ ಅಪ್ಪನಿಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅವಳು ಮೋಟಾರನ್ನು ಕೆಳಗಿಟ್ಟು ಕೈ ಒರೆಸಿಕೊಂಡಳು.

"ಹೇಳಿದ್ರೆ ಅಪ್ಪ ನಿಮ್ಮ ತೋಟದಲ್ಲಿ ಹ್ಯಾಗೆ ಕೆಲ್ಸ ಮಾಡ್ತಾರೆ? ನನ್ನ ತಪ್ಪು ಅಂದ್ಕೊಂಡ್ರೆ ನನ್ನ ಬೈದು ಸಮಾಧಾನ ಮಾಡ್ಕೋತಾರೆ. ನಿಮ್ಮದು ಅಂದ್ರೆ ಯಾರಿಗೆ ಬೈತಾರೆ?"

ನಾನು ಏನು ಮಾಡಲಿ ಎಂದು ಕೇಳಿದೆ. ಪರಿಹಾರ ಏನಾದರೂ ಎಂದು ಶುರುಮಾಡಿದವನನ್ನು ಅವಳು ಅಲ್ಲೇ ತಡೆದಳು. ಮೊದಲು ಅಪ್ಪನಿಗೆ ಹೇಳಿ, ಆಮೇಲೆ ಅವತ್ತು ಯಾರ ಮುಂದೆ ಹೇಳಿದಿರೋ ಅವರ ಮುಂದೆ ಹೇಳಿ, ಫೋನಿನಲ್ಲಿ ಬೇಡ ಎಂದಳು. ಮತ್ತೆ ಮೋಟಾರನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡಳು. ನಾನು ಹೊರಡಬಹುದು ಎಂದು ಅರ್ಥವಾಯಿತು.

ಗೆಳೆಯರಿಗೆ ಹೇಳುವುದು ಅಷ್ಟು ಕಷ್ಟವಾಗಲಿಲ್ಲ, ಅದೂ ಒಂದು ನಾಚಿಕೆಯೇ. ಮೂವರನ್ನೂ ಡಾಕ್ಟರ ಮನೆಯಲ್ಲಿ ಕೂರಿಸಿಕೊಂಡು ಹೇಳಿದೆ. ಮಲ್ಲಂದೂರಿನವರು, ಹೋಗಲಿ ಬಿಡು ಮಾರಾಯ, ಹಳೇದಾಯ್ತು ಎಂದರು. ಡಾಕ್ಟರು ಮಾತ್ರ, ನಾನು ಆ ಹುಡುಗಿಗೆ ಮುಖದ ಮೇಲೆ ಹೊಡೆದ ಹಾಗೆ ಮಾತಾಡಿ ಕಾರು ತಂದಿದ್ದೆ ಎಂದರು. ಆ ವಾರವೇ ಅವಳ ಅಂಗಡಿಗೆ ಹೋಗಿ ಬಂದರು ಎಂದು ಆಮೇಲೆ ತಿಳಿಯಿತು. ಮೇಷ್ಟ್ರು ಹೋಗಲಿಲ್ಲ. ನನ್ನ ಪಂಪುಗಳನ್ನು ಅವಳು ಈಗಲೂ ಸರಿಮಾಡಿಕೊಡುತ್ತಾಳೆ. ಕಾರಿನ ಕೆಲಸ ಮಾತ್ರ ಬೇಡ ಸರ್ ಎಂದಿದ್ದಾಳೆ. ನಾನೂ ಕಾರು ಮುಟ್ಟಿಲ್ಲ.

ಆದರೆ ಇದೆಲ್ಲ ಆಮೇಲಿನ ಮಾತು. ಮೊದಲು ಹೇಳಿದ್ದು ಮೇಸ್ತ್ರಿಗೆ, ಅವಳ ಅಂಗಡಿಯಿಂದ ಬಂದ ದಿನವೇ. ಅವರು ನರ್ಸರಿಯಲ್ಲಿ ಕಾಫಿ ಸಸಿಗಳ ನಡುವೆ ಕೆಲಸ ಮಾಡಿಸುತ್ತಿದ್ದರು. ಆಳುಗಳು ಕೇಳದಷ್ಟು ದೂರ ಕರೆದುಕೊಂಡು ಹೋಗಿ ಹೇಳಿದೆ. ಹಾಗೆ ದೂರ ಕರೆದದ್ದೂ ನನ್ನ ಮರ್ಯಾದೆ ಉಳಿಸಿಕೊಳ್ಳಲಿಕ್ಕೇ ಇರಬೇಕು. ಅವರು ತಲೆ ತಗ್ಗಿಸಿ ಕೇಳಿಸಿಕೊಂಡರು. ಬೈಯುತ್ತಾರೆ ಎಂದುಕೊಂಡೆ, ಬೈದಿದ್ದರೆ ಒಳ್ಳೆಯದಿತ್ತು.

"ನಾನು ಅವ್ಳಿಗೆ ಏನೇನೋ ಅಂದ್ಬಿಟ್ಟಿದೀನಿ ಸಾವ್ಕಾರ್ರೇ" ಎಂದರು. "ನಾಲ್ಕು ತಿಂಗ್ಳಿಂದ ಅಂತಾನೇ ಇದೀನಿ."

ಅಷ್ಟೇ. ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು ಗೇಟಿನ ಕಡೆ ನಡೆದರು. ನನ್ನ ತಂದೆಯ ಕಾಲದಿಂದ ಇದ್ದ ಆ ಮನುಷ್ಯ ಕೆಲಸದ ಮಧ್ಯೆ ಹೇಳದೆ ಹೋದದ್ದು ನಾನು ಕಂಡಂತೆ ಅದೊಂದೇ ಸಲ. ಗೋಣಿಬೀಡಿನ ಬಸ್ಸು ಹತ್ತಿದರಂತೆ. ಮಗಳ ಅಂಗಡಿಯ ಬೆಂಚಿನ ಮೇಲೆ ಅವಳು ಬಾಗಿಲು ಹಾಕುವವರೆಗೂ ಕುಳಿತಿದ್ದರು ಎಂದು ತೋಟದ ಲೆಕ್ಕ ಬರೆಯುವ ನಮ್ಮ ರೈಟರ್ ಹೇಳಿದ. ಅಲ್ಲಿ ಅಪ್ಪ ಮಗಳು ಏನು ಮಾತಾಡಿಕೊಂಡರೋ ನನಗೆ ಗೊತ್ತಿಲ್ಲ. ಮರುದಿನ ಅವರು ಎಂದಿನ ಹೊತ್ತಿಗೆ ಕೆಲಸಕ್ಕೆ ಬಂದರು.