ಬಲಗೈಯ ದಾಳ

ಹೋದ ವರ್ಷ ನಮ್ಮತ್ತೆಗೆ ಲಕ್ವ ಹೊಡೆಯಿತು. ಮಾತು ಬೇಗ ಮರಳಿತು. ನನ್ನನ್ನು ಬೈಯಲು ಬೇಕಾದಷ್ಟಂತೂ ಎಲ್ಲಕ್ಕಿಂತ ಮೊದಲೇ ಬಂತು. ಕೋಲು ಹಿಡಿದು ನಡೆಯುವಷ್ಟು ಕಾಲೂ ಸುಧಾರಿಸಿತು. ಬಲಗೈ ಮಾತ್ರ ಮುಷ್ಟಿ ಕಟ್ಟಿಕೊಂಡು ಕೂತುಬಿಟ್ಟಿತು. ಡಾಕ್ಟರನ್ನು ಕೇಳಿದರೆ, ಬಿಚ್ಚಿದರೂ ಬಿಚ್ಚಬಹುದು, ಬಿಚ್ಚದೆಯೂ ಇರಬಹುದು ಎಂದರು. ಅಷ್ಟು ಓದಿದವರು ಹೇಳುವುದು ಇಷ್ಟೇನಾ ಎಂದು ನನಗೆ ರೇಗಿಹೋಗಿತ್ತು.

ಅವರೊಬ್ಬರನ್ನೇ ಬಿಟ್ಟು ಹೋಗಲಾಗದೆ ನನ್ನ ಭಾನುವಾರದ ಆಟವನ್ನು ಆರ್.ಟಿ. ನಗರದ ನಮ್ಮ ಮನೆಗೇ ತಂದೆ. ಮೇಜಿನ ಸುತ್ತ ಕೂತು ಕಥೆ ಕಟ್ಟುವ ಆಟ ಅದು. ನನ್ನ ಆಫೀಸಿನ ಗೆಳತಿ ಕಥೆ ನಡೆಸುತ್ತಾಳೆ, ಉಳಿದವರಿಗೆ ಒಂದೊಂದು ಪಾತ್ರ. ನಾನು ಕಳ್ಳಿ. ವಿಷವೋ ಬೆಂಕಿಯೋ ಮೈಮೇಲೆ ಬಂದಾಗ ಇಪ್ಪತ್ತು ಮುಖದ ದಾಳ ಉರುಳಿಸಬೇಕು. ಅವಳು ಹೇಳಿದಷ್ಟೋ ಅದಕ್ಕಿಂತ ಹೆಚ್ಚೋ ಬಿದ್ದರೆ ಜೀವ ಉಳಿಯಿತು. ಅದಕ್ಕೆ ಸೇವಿಂಗ್ ಥ್ರೋ ಎನ್ನುತ್ತೇವೆ. ಎಂಥ ಶೂರನೂ ಒಂದು ಬಿದ್ದರೆ ಮಣ್ಣುಮುಕ್ಕುತ್ತಾನೆ, ಎಂಥ ಪುಕ್ಕಲನಿಗೂ ಇಪ್ಪತ್ತು ಬೀಳಬಹುದು. ಡಾಕ್ಟರು ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ ಎಂದು ಹೊಳೆದಾಗ ಅವರ ಮೇಲಿನ ಸಿಟ್ಟು ಸ್ವಲ್ಪ ಇಳಿಯಿತು.

ಅತ್ತೆ ಹೆಬ್ಬಾಳದ ಹಳೇ ಊರಿನವರು. ಚೌಕಾಬಾರದಲ್ಲಿ ಅವರೆದುರು ಕೂರಲು ಬೀದಿಯವರೆಲ್ಲ ಹೆದರುತ್ತಿದ್ದರಂತೆ. ಕುರ್ಚಿಯಿಂದಲೇ ನಮ್ಮ ಆಟ ನೋಡಿ, ಮನೆ ಸೊಸೆ ಕಳ್ಳಿಯಾಗಿದ್ದಕ್ಕೆ ನಕ್ಕರು. ನಾನು ದಾಳ ಬಿಡುವ ರೀತಿಗೆ ಇನ್ನೂ ನಕ್ಕರು. ಹಾಗಾದರೆ ನನ್ನ ಪರವಾಗಿ ನೀವೇ ಹಾಕಿ, ಎಡಗೈಯಲ್ಲಾದರೂ ಆದೀತು ಎಂದೆ. ಅವರು ಮುಖ ಗಂಟು ಹಾಕಿಕೊಂಡರು. ಎಡಗೈಯಲ್ಲಿ ಕವಡೆ ಹಾಕಿದರೆ ಲಕ್ಷ್ಮಿ ಎದ್ದುಹೋಗುತ್ತಾಳೆ ಎಂದು ಅವರ ನಂಬಿಕೆ. ವಾರಗಟ್ಟಲೆ ಸುಮ್ಮನೆ ನೋಡಿದರೇ ಹೊರತು ದಾಳ ಮುಟ್ಟಲಿಲ್ಲ. ವ್ಯಾಯಾಮ ಮಾಡಿಸಲು ಬರುವವರು ಮುಷ್ಟಿ ಬಿಡಿಸಿ ಹೋದರೆ ಅದು ಮತ್ತೆ ಮುಚ್ಚಿಕೊಳ್ಳುತ್ತಿತ್ತು. ನನಗೆ ಆಸೆ ಕಮ್ಮಿಯಾಗುತ್ತಾ ಬಂದಿತ್ತು.

ಒಂದು ಭಾನುವಾರ ನನ್ನ ಕಳ್ಳಿ ಪಾಳುಬಾವಿಯೊಳಗೆ ವಿಷದ ಹೊಗೆಗೆ ಸಿಕ್ಕಿಕೊಂಡಳು. ಹನ್ನೆರಡಾದರೂ ಬೀಳಬೇಕು, ಇಲ್ಲದಿದ್ದರೆ ಸತ್ತಳು. ದಾಳ ಎತ್ತಿಕೊಂಡೆ.

"ಇಲ್ ಕೊಡು," ಎಂದರು ಅತ್ತೆ.

ಎಡಗೈಯಲ್ಲಿ ಇಸಿದುಕೊಂಡು ಬಲಮುಷ್ಟಿಯೊಳಗೆ ತುರುಕಿದರು. ಆ ಕೈಯನ್ನು ಮೇಜಿನ ಮೇಲೆ ಚಾಚಿ ಕಾದರು. ನಾವೂ ಕಾದೆವು. ಕೆಳಗೆ ರಸ್ತೆಯಲ್ಲಿ ಸೊಪ್ಪಿನವನು ಕೂಗಿಕೊಂಡು ಹೋದ. ಮುಷ್ಟಿ ನಡುಗಿತು, ಬಿಚ್ಚಲಿಲ್ಲ. ಬಿಡಿಸಲು ನಾನು ಕೈ ನೀಡಿದರೆ ಕಣ್ಣಲ್ಲೇ ಗದರಿದರು. ಆಮೇಲೆ ಕಿರುಬೆರಳು ಸಡಿಲವಾಯಿತು, ಪಕ್ಕದ್ದೂ ಅರ್ಧ ಎದ್ದಿತು, ದಾಳ ಸಂದಿಯಿಂದ ಜಾರಿ ಮೇಜಿಗೆ ಬಿತ್ತು.

ಮೂರು.

ಅದು ಸರಿಯಾಗಿ ಉರುಳಲೇ ಇಲ್ಲ, ಇನ್ನೊಂದು ಸಲ ಹಾಕಬಹುದು ಎಂದಳು ಗೆಳತಿ. ಅತ್ತೆ ಒಪ್ಪಲಿಲ್ಲ.

"ಬಿದ್ದಿದ್ದು ಬಿದ್ದಂಗೆ ಕಣಮ್ಮಾ. ಸೊಸೆ ಸತ್ಲು ಅಂತ ಬರ್ಕೊ."

ವರ್ಷಗಟ್ಟಲೆ ಜೋಪಾನ ಮಾಡಿದ ಕಳ್ಳಿ ಹೋಗಿದ್ದಳು. ನಾನು ಅಳುತ್ತಲೇ ನಗುತ್ತಿದ್ದೆ. ಇಪ್ಪತ್ತು ಬಿದ್ದಾಗಲೂ ನನಗೆ ಅಷ್ಟು ಖುಷಿಯಾಗಿದ್ದಿಲ್ಲ. ಅತ್ತೆ ನನ್ನ ಕಡೆ ನೋಡಲೂ ಇಲ್ಲ. ಆಗಲೇ ಎಡಗೈಯಿಂದ ದಾಳ ಹೆಕ್ಕಿ ಮತ್ತೆ ಬಲಮುಷ್ಟಿಗೆ ತುರುಕುತ್ತಿದ್ದರು.